ಡೀಸೆಲ್ ಏರಿದರೆ ಟ್ರ್ಯಾಕ್ಟರ್ ಬಾಡಿಗೆ ಎಷ್ಟು ಏರಬೇಕು?

ಶಿರಹಟ್ಟಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ 2025ರ ಹಿಂಗಾರಿ ಬಿತ್ತನೆಗೆ ಮುನ್ನ ರೈತರ ಸಭೆ ಸೇರಿತ್ತು. ಕಡಲೆ ಬೇಸಾಯದ ವಿಷಯ ಹೇಳಲು ನಾನು ಹೋಗಿದ್ದೆ. ಬೀಜೋಪಚಾರದ ಮಾತು ಮುಗಿಯುವ ಮೊದಲೇ ಹಿರಿಯರೊಬ್ಬರು ಎದ್ದು ನಿಂತರು. "ಸಾಹೇಬ್ರ, ಕಡ್ಲಿ ಮಾತು ಆಮ್ಯಾಲ ಇರಲಿ. ಡೀಸೆಲ್ ಐದು ರೂಪಾಯಿ ಏರೇತಿ, ಟ್ರ್ಯಾಕ್ಟರ್ ಬಾಡಿಗಿ ತಾಸಿಗೆ ನೂರಾ ಐವತ್ತು ಏರೇತಿ. ಇದ್ಯಾವ ಲೆಕ್ಕ, ಹೇಳ್ರಿ." ಹಿಂದಿನ ಸಾಲಿನಲ್ಲಿ ಕುಳಿತಿದ್ದ ಟ್ರ್ಯಾಕ್ಟರ್ ಮಾಲೀಕರು ಸುಮ್ಮನಿರಲಿಲ್ಲ. "ಯಜಮಾನ್ರ, ಬರದಾಗ ನನ್ನ ಗಾಡಿ ಮನಿ ಮುಂದ ನಿಂತಿತ್ತು. ಬ್ಯಾಂಕಿನ ಕಂತು ನಿಂತಿತ್ತೇನ್ರಿ?" ಎಂದರು. ಮಾತು ಬಿಸಿಯಾಯಿತು. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿತ್ತು; ಆದರೆ ಲೆಕ್ಕವನ್ನು ಮಾತ್ರ ಯಾರೂ ಮಾಡಿರಲಿಲ್ಲ. ಅಂದು ಕಪ್ಪು ಹಲಗೆಯ ಮೇಲೆ ಮಾಡಿ ತೋರಿಸಿದ ಲೆಕ್ಕವನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿದ್ದೇನೆ. ಗದಗ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ರೈತರಿಗೂ ಇದು ಅನ್ವಯಿಸುತ್ತದೆ.

ಏರಿದ್ದು ಎಷ್ಟು, ಯಾವಾಗ

2023ರಲ್ಲಿ ಮುಂಗಾರು ಕೈಕೊಟ್ಟಿತು. ದೇಶದಲ್ಲಿ 1901ರಿಂದ ಮಳೆಯ ದಾಖಲೆ ಇಟ್ಟ ಮೇಲೆ ಆ ವರ್ಷದ ಆಗಸ್ಟ್‌ನಷ್ಟು ಒಣಗಿದ ಆಗಸ್ಟ್ ಬೇರೊಂದಿಲ್ಲ. ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸಾರಲಾಯಿತು. ಗದಗ ಜಿಲ್ಲೆಯೂ ಅದರಲ್ಲಿ ಸೇರಿತ್ತು. ಬರದ ಗಾಯ ಆರುವ ಮೊದಲೇ, 2024ರ ಜೂನ್ 15ರಂದು, ರಾಜ್ಯ ಸರ್ಕಾರವು ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 14.34ರಿಂದ ಶೇ. 18.44ಕ್ಕೆ ಏರಿಸಿತು. ಲೀಟರಿಗೆ ಸುಮಾರು 3 ರೂಪಾಯಿ ಹೆಚ್ಚಾಯಿತು. ಮುಂಗಾರಿ ಬಿತ್ತನೆಯ ನಟ್ಟನಡುವೆ ಬಂದ ಏರಿಕೆ ಅದು. 2025ರ ಏಪ್ರಿಲ್ 1ರಂದು ತೆರಿಗೆ ಶೇ. 21.17ಕ್ಕೆ ಏರಿ ಇನ್ನೂ 2 ರೂಪಾಯಿ ಕೂಡಿತು. ಬೆಂಗಳೂರಿನಲ್ಲಿ ದರ 91 ರೂಪಾಯಿಯ ಆಜುಬಾಜು ಬಂದಿತು.

ಎರಡು ಸಲವೂ ಜನರು ಪ್ರತಿಭಟಿಸಿದರು. 2024ರ ಜೂನ್‌ನಲ್ಲಿ ವಿರೋಧ ಪಕ್ಷದವರು ಊರೂರಲ್ಲಿ ಬೀದಿಗಿಳಿದರು. 2025ರ ಏಪ್ರಿಲ್ ಮಧ್ಯದಲ್ಲಿ ಲಾರಿ ಮಾಲೀಕರು ಮುಷ್ಕರ ಹೂಡಿದರು. ಏರಿಕೆಯ ನಂತರವೂ ನೆರೆಯ ಹಲವು ರಾಜ್ಯಗಳಿಗಿಂತ ನಮ್ಮಲ್ಲಿ ದರ ಕಡಿಮೆ ಎಂಬುದು ಸರ್ಕಾರದ ಸಮರ್ಥನೆಯಾಗಿತ್ತು. ಇದರ ನ್ಯಾಯಾನ್ಯಾಯ ತೀರ್ಮಾನಿಸುವುದು ಬೇಸಾಯಶಾಸ್ತ್ರದ ಕೆಲಸವಲ್ಲ. 2021ರ ಅಕ್ಟೋಬರ್‌ನಲ್ಲಿ ಡೀಸೆಲ್ ಲೀಟರಿಗೆ 100 ರೂಪಾಯಿ ದಾಟಿತ್ತು, ಆ ನವೆಂಬರ್‌ನಲ್ಲಿ ಕೇಂದ್ರ ಮತ್ತು ರಾಜ್ಯ ಎರಡೂ ತೆರಿಗೆ ಇಳಿಸಿದ ಮೇಲೆ ಕೆಳಗೆ ಬಂದಿತ್ತು ಎಂಬುದನ್ನು ಮಾತ್ರ ನೆನಪಿಡಬೇಕು. ಏರಿದ ದಿನ ಏರಿದ ಬಾಡಿಗೆ, ಇಳಿದ ದಿನ ಇಳಿಯಿತೇ? ಸಭೆಯಲ್ಲಿ ಈ ಪ್ರಶ್ನೆಗೆ ಎಲ್ಲರೂ ನಕ್ಕರು.

ಒಂದು ತಾಸಿನ ಲೆಕ್ಕ

ನಮ್ಮ ಕಡೆ ಹೆಚ್ಚಾಗಿರುವ 40-50 ಅಶ್ವಶಕ್ತಿಯ ಟ್ರ್ಯಾಕ್ಟರು ಹೊಲದ ಕೆಲಸದಲ್ಲಿ ತಾಸಿಗೆ ಸುಮಾರು 5 ಲೀಟರ್ ಡೀಸೆಲ್ ಕುಡಿಯುತ್ತದೆ. ಭಾರವಾದ ರಂಟೆ ಹೊಡೆಯುವಾಗ ಸ್ವಲ್ಪ ಹೆಚ್ಚು, ಬಿತ್ತುವಾಗ ಸ್ವಲ್ಪ ಕಡಿಮೆ. ಲೀಟರಿಗೆ 5 ರೂಪಾಯಿ ಏರಿದರೆ ತಾಸಿಗೆ ಏರುವುದು 25 ರೂಪಾಯಿ. ಇದರ ಮೇಲೆ ಡೀಸೆಲ್ಲಿನ ಹೆಸರಿನಲ್ಲಿ ಕೇಳುವ ಒಂದು ರೂಪಾಯಿಯೂ ಡೀಸೆಲ್ಲಿನದಲ್ಲ.

ಹಾಗಾದರೆ ಉಳಿದ 125 ರೂಪಾಯಿ ಎಲ್ಲಿಂದ ಬಂತು? ಇಲ್ಲಿಯೇ ಟ್ರ್ಯಾಕ್ಟರ್ ಮಾಲೀಕರ ಮಾತನ್ನು ಕೇಳಬೇಕು. ಟ್ರ್ಯಾಕ್ಟರಿನ ಖರ್ಚಿನಲ್ಲಿ ಎರಡು ಬಗೆ. ಓಡಿದಷ್ಟಕ್ಕೆ ಬೀಳುವ ಖರ್ಚು ಒಂದು: ಡೀಸೆಲ್, ಆಯಿಲ್, ಟೈರಿನ ಸವೆತ, ಚಾಲಕನ ಕೂಲಿ. ಓಡಿದರೂ ನಿಂತರೂ ಬೀಳುವ ಖರ್ಚು ಇನ್ನೊಂದು: ಸಾಲದ ಕಂತು, ಬಡ್ಡಿ, ವಿಮೆ, ಯಂತ್ರದ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುವುದು. ಉದಾಹರಣೆಗೆ ಈ ಎರಡನೆಯ ಖರ್ಚು ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ ಎಂದು ಹಿಡಿಯೋಣ. ಮಳೆ ಚೆನ್ನಾಗಿ ಆದ ವರ್ಷ ಟ್ರ್ಯಾಕ್ಟರು 750 ತಾಸು ಬಾಡಿಗೆಗೆ ಓಡಿದರೆ ತಾಸಿಗೆ 200 ರೂಪಾಯಿ ಬೀಳುತ್ತದೆ. ಬರದ ವರ್ಷ 500 ತಾಸು ಮಾತ್ರ ಓಡಿದರೆ ಅದೇ ಖರ್ಚು ತಾಸಿಗೆ 300 ರೂಪಾಯಿ. ವ್ಯತ್ಯಾಸ 100 ರೂಪಾಯಿ! ಮಾಲೀಕರು ಮರುವರ್ಷದ ಬಾಡಿಗೆಯಲ್ಲಿ ಇದನ್ನೇ ಎತ್ತಿಕೊಳ್ಳಲು ನೋಡುತ್ತಾರೆ. ಡೀಸೆಲ್ ಏರಿದ ದಿನ ಅದಕ್ಕೊಂದು ನೆಪ ಸಿಗುತ್ತದೆ. ಅಂದರೆ ನಾವು ಡೀಸೆಲ್ಲಿಗೆ ಕೊಡುತ್ತಿದ್ದೇವೆಂದು ತಿಳಿದ ಹಣದ ದೊಡ್ಡ ಪಾಲು ನಿಜವಾಗಿ ಬರಕ್ಕೆ ಕೊಟ್ಟ ಹಣ. ಕೊನೆಗೆ ಉಳಿಯುವ 25 ರೂಪಾಯಿಯಲ್ಲಿ ಆಯಿಲ್, ಕೂಲಿಯ ಏರಿಕೆ ಎಷ್ಟು, ಲಾಭ ಎಷ್ಟು ಎಂಬುದನ್ನು ಊರವರು ಕುಳಿತು ಮಾತಾಡಬೇಕು.

ಇಂಥ ಜಗಳ ನಮ್ಮ ಊರಿಗೆ ಮಾತ್ರ ಸೀಮಿತವಲ್ಲ. ಅಮೆರಿಕದಲ್ಲಿ 2005ರ ಆಗಸ್ಟ್ ಕೊನೆಯಲ್ಲಿ ಕತ್ರಿನಾ ಎಂಬ ಚಂಡಮಾರುತವು ಎಣ್ಣೆ ಬಾವಿಗಳೂ ಶುದ್ಧೀಕರಣ ಘಟಕಗಳೂ ಇರುವ ದಕ್ಷಿಣ ಕರಾವಳಿಗೆ ಬಡಿಯಿತು. ಕೆಲವೇ ದಿನಗಳಲ್ಲಿ ಪೆಟ್ರೋಲಿನ ಸರಾಸರಿ ದರ ಗ್ಯಾಲನ್ನಿಗೆ, ಅಂದರೆ ಸುಮಾರು 3.8 ಲೀಟರಿಗೆ, 3 ಡಾಲರು ದಾಟಿತು. ಬಂಕಿನವರು ಲೂಟಿ ಮಾಡುತ್ತಿದ್ದಾರೆಂದು ಜನ ಕೂಗೆದ್ದರು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ವಿಚಾರಣೆ ನಡೆಸಿ 2006ರಲ್ಲಿ ವರದಿ ಕೊಟ್ಟಿತು. ಕೆಲವರು ಅತಿಯಾಗಿ ದರ ಏರಿಸಿದ್ದು ಕಂಡುಬಂದರೂ ಕಾನೂನುಬಾಹಿರವಾಗಿ ಮಾರುಕಟ್ಟೆಯನ್ನು ತಿರುಚಿದ್ದು ಕಂಡುಬರಲಿಲ್ಲ. ಏರಿಕೆಯ ಹೆಚ್ಚಿನ ಭಾಗಕ್ಕೆ ಕಾರಣ ಸರಬರಾಜಿನ ಕೊರತೆ ಎಂದು ಅದು ಹೇಳಿತು. ಅಲ್ಲಿ ಲೆಕ್ಕ ಬಿಡಿಸಲು ಆಯೋಗ ಬೇಕಾಯಿತು. ನಮ್ಮ ಊರಿನ ಲೆಕ್ಕಕ್ಕೆ ಒಂದು ಪೆನ್ಸಿಲ್ಲು ಸಾಕು.

ಎತ್ತು ಹೋದ ಕಥೆ

ಬರಕ್ಕೂ ಡೀಸೆಲ್ಲಿಗೂ ಇನ್ನೊಂದು ನಂಟಿದೆ. ನನ್ನ ದೃಷ್ಟಿಯಲ್ಲಿ ಬಾಡಿಗೆಗಿಂತ ಇದೇ ಹೆಚ್ಚು ಗಂಭೀರವಾದುದು.

ಹಿಂಗಾರಿ ಬಿಳಿಜೋಳ ಕೈಕೊಟ್ಟರೆ ಕಣಿಕೆ ಇಲ್ಲ. ಕಣಿಕೆ ಇಲ್ಲದಿದ್ದರೆ ಎತ್ತು ಸಂತೆಗೆ ಹೋಗುತ್ತದೆ. ಎಲ್ಲರೂ ಒಟ್ಟಿಗೆ ಮಾರುವುದರಿಂದ ಬೆಲೆ ಬೀಳುತ್ತದೆ. ಮಳೆಯಾದ ಮೇಲೆ ಎಲ್ಲರೂ ಒಟ್ಟಿಗೆ ಕೊಳ್ಳಲು ಹೋಗುವುದರಿಂದ ಬೆಲೆ ಏರುತ್ತದೆ. ಮಾರಿದ ಹಣದಲ್ಲಿ ಮರುವರ್ಷ ಅದೇ ಜೋಡಿ ಸಿಕ್ಕುವುದಿಲ್ಲ. ಹೀಗೆ ಎತ್ತು ಕಳೆದುಕೊಂಡ ಮನೆಯವರು ಹರಗುವುದಕ್ಕೂ ಎಡೆ ಹೊಡೆಯುವುದಕ್ಕೂ ಟ್ರ್ಯಾಕ್ಟರಿನ ದಾರಿ ಕಾಯಬೇಕಾಗುತ್ತದೆ. ಮೊದಲು ವರ್ಷಕ್ಕೆ ಎರಡು ಸಲ ಬರುತ್ತಿದ್ದ ಟ್ರ್ಯಾಕ್ಟರು ಐದಾರು ಸಲ ಬರುತ್ತದೆ. ಡೀಸೆಲ್ ಏರಿಕೆ ಅಂಥವರಿಗೆ ಇತರರಿಗಿಂತ ಎರಡು ಮೂರು ಪಟ್ಟು ತಟ್ಟುತ್ತದೆ.

ಹೊಲಕ್ಕೆ ಬೇಕಾದ್ದು ಎಷ್ಟು ಲೀಟರು?

ಹಿಂಗಾರಿ ಕಡಲೆಗೆ ಎರೆ ಭೂಮಿಯ ಒಂದು ಎಕರೆಯನ್ನು ತೆಗೆದುಕೊಳ್ಳೋಣ. ಇತ್ತೀಚೆಗೆ ಅನೇಕರು ಮಾಡುವ ಪದ್ಧತಿ ಹೀಗಿದೆ: ಒಮ್ಮೆ ಆಳವಾದ ರಂಟೆ, ಎರಡು ಸಲ ಕಲ್ಟಿವೇಟರ್, ಒಮ್ಮೆ ರೋಟವೇಟರ್, ನಂತರ ಟ್ರ್ಯಾಕ್ಟರ್ ಕೂರಿಗೆ. ರಂಟೆಗೆ ಸುಮಾರು 10 ಲೀಟರ್, ಕಲ್ಟಿವೇಟರಿಗೆ ಸಲಕ್ಕೆ 4ರಂತೆ 8, ರೋಟವೇಟರಿಗೆ 6, ಬಿತ್ತನೆಗೆ 3; ಒಟ್ಟು 27 ಲೀಟರ್. 91 ರೂಪಾಯಿಯಂತೆ ಡೀಸೆಲ್ಲಿಗೇ 2,457 ರೂಪಾಯಿ. ಇದರಲ್ಲಿ 5 ರೂಪಾಯಿ ಏರಿಕೆಯ ಪಾಲು 135 ರೂಪಾಯಿ ಮಾತ್ರ. 135 ರೂಪಾಯಿಗಾಗಿ ಸಿಟ್ಟಾಗುವ ನಾವು ಉಳಿದ 2,322 ರೂಪಾಯಿ ಅವಶ್ಯವಾಗಿತ್ತೇ ಎಂದು ಕೇಳುವುದಿಲ್ಲ.

ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಮೇಲಿನ ಮಣ್ಣು ಬಿರುಕಿಗೆ ಉದುರಿ ಒಳಗೆ ಹೋಗುತ್ತದೆ, ಮಳೆ ಬಿದ್ದಾಗ ಉಬ್ಬಿ ಮೇಲೆ ಬರುತ್ತದೆ. ತನ್ನನ್ನು ತಾನೇ ಉಳುವ ಈ ಭೂಮಿಗೆ ಪ್ರತಿ ವರ್ಷ ಆಳವಾದ ಉಳುಮೆ ಬೇಕಿಲ್ಲ. ಮೂರು ವರ್ಷಕ್ಕೊಮ್ಮೆ ಸಾಕು. ಕರಿಕೆ, ಜೇಕು ಹಬ್ಬಿದ ಹೊಲಕ್ಕೆ ಮಾತ್ರ ಈ ಮಾತು ಅನ್ವಯಿಸದು. ಅಲ್ಲಿ ಬೇಸಿಗೆಯಲ್ಲಿಯೇ ರಂಟೆ ಹೊಡೆದು ಬೇರನ್ನು ಬಿಸಿಲಿಗೆ ಹಾಕಬೇಕು. ಇನ್ನು ರೋಟವೇಟರ್. ಮಣ್ಣು ಹಿಟ್ಟಿನಂತಾದರೆ ನೋಡಲು ಚೆಂದ, ನಿಜ. ಆದರೆ ಕಡಲೆಗೆ ಹಿಟ್ಟಿನಂಥ ಮಣ್ಣು ಬೇಕಿಲ್ಲ. ಸಣ್ಣ ಹೆಂಟೆಗಳಿರುವ ಒರಟು ಹೊಲದಲ್ಲಿ ಬೇರಿಗೆ ಗಾಳಿ ಚೆನ್ನಾಗಿ ಆಡುತ್ತದೆ. ಮೇಲಿಂದ ಮೇಲೆ ರೋಟವೇಟರ್ ಹೊಡೆದ ಹೊಲದಲ್ಲಿ ಕೆಳಗೆ ಗಟ್ಟಿ ಪದರು ಕಟ್ಟಿ ನೀರು ಇಂಗುವುದು ಕಡಿಮೆಯಾಗುತ್ತದೆ. ಕಪ್ಪತಗುಡ್ಡದ ಆಜುಬಾಜಿನ ಮಸಾರಿ ಭೂಮಿಯಲ್ಲಿ ತೊಂದರೆ ಇನ್ನೊಂದು ಬಗೆ: ಪುಡಿಯಾದ ಮಣ್ಣು ಒಂದು ಜೋರು ಮಳೆಗೆ ಹೆಪ್ಪುಗಟ್ಟಿ ಮೊಳಕೆ ಮೇಲೇಳುವುದಿಲ್ಲ. ಸುಮಾರು 600 ಮಿಲಿಮೀಟರ್ ಮಳೆಯ ನಮ್ಮ ಜಿಲ್ಲೆಯಲ್ಲಿ ಒಣಬೇಸಾಯದ ಕಡಲೆಗೆ 6 ಲೀಟರ್ ಸುಟ್ಟು ಮಣ್ಣನ್ನು ಹಿಟ್ಟು ಮಾಡುವುದು ನನಗೆ ದಂಡದ ಖರ್ಚಾಗಿ ಕಾಣುತ್ತದೆ.

ಆದುದರಿಂದ ಒಮ್ಮೆ ಕಲ್ಟಿವೇಟರ್, ಪ್ರತಿ ಹದ ಮಳೆಯ ನಂತರ ಎತ್ತಿನ ಕುಂಟೆಯಿಂದ ಹರಗುವುದು, ನಂತರ ಟ್ರ್ಯಾಕ್ಟರ್ ಕೂರಿಗೆಯಿಂದ ಬಿತ್ತನೆ, ಹೀಗೆ ಮಾಡಿದರೆ 7 ಲೀಟರಿನಲ್ಲಿ ಕೆಲಸ ಮುಗಿಯುತ್ತದೆ. ಉಳಿತಾಯ 20 ಲೀಟರ್, ಅಂದರೆ ಎಕರೆಗೆ 1,820 ರೂಪಾಯಿ. ಎತ್ತಿನ ಬಾಡಿಗೆ ಕೊಡಬೇಕಾದರೆ ಅದನ್ನು ಇದರಲ್ಲಿ ಕಳೆಯಬೇಕು. ಜುಲೈ-ಆಗಸ್ಟ್‌ನಲ್ಲಿ ಖಾಲಿ ಬಿಟ್ಟ ಎರೆ ಹೊಲದಲ್ಲಿ ಚೌಕುಮಡಿ ಕಟ್ಟಿದ್ದರೆ ಸೆಪ್ಟೆಂಬರ್ ಮಳೆ ಹೊಲದಲ್ಲಿಯೇ ಇಂಗುತ್ತದೆ. ಇಳಿಜಾರಿಗೆ ತಕ್ಕಂತೆ 3 ಮೀಟರಿನಿಂದ 4.5 ಮೀಟರ್ ಚೌಕದ ಮಡಿಗಳು ಸಾಕು, ಎತ್ತಿನಿಂದಲೇ ಕಟ್ಟಬಹುದು.

ಬಿತ್ತನೆಯನ್ನು ಟ್ರ್ಯಾಕ್ಟರಿಗೇ ಬಿಟ್ಟಿದ್ದೇಕೆ ಎಂದು ಸಭೆಯಲ್ಲಿ ಒಬ್ಬ ಯುವಕರು ಕೇಳಿದರು. ಎರೆ ಭೂಮಿಯಲ್ಲಿ ಬಿತ್ತನೆಯ ಹದ ಕೆಲವೇ ದಿನ ನಿಲ್ಲುತ್ತದೆ. ಜೋಡೆತ್ತಿನ ಕೂರಿಗೆ ದಿನಕ್ಕೆ ಮೂರು ಎಕರೆ ಬಿತ್ತಿದರೆ ಟ್ರ್ಯಾಕ್ಟರು ಏಳೆಂಟು ಎಕರೆ ಬಿತ್ತುತ್ತದೆ. ಹದ ತಪ್ಪಿ ವಾರ ತಡವಾದರೆ ಆಗುವ ಇಳುವರಿ ನಷ್ಟದ ಮುಂದೆ 3 ಲೀಟರ್ ಡೀಸೆಲ್ ಏನೂ ಅಲ್ಲ. ನಾಲ್ಕೈದು ಎಕರೆಯೊಳಗಿನ ಹಿಡುವಳಿ, ಮನೆಯಲ್ಲಿ ಗಟ್ಟಿ ಎತ್ತು ಇದ್ದರೆ ಎತ್ತಿನಿಂದಲೇ ಬಿತ್ತಬಹುದು.

ಬಾಡಿಗೆಯ ಮಾತುಕತೆ

ಡೀಸೆಲ್ ಏರುತ್ತದೆಂಬ ಸುದ್ದಿ ಬಂದ ರಾತ್ರಿ ಕ್ಯಾನು ಹಿಡಿದು ಬಂಕಿಗೆ ಓಡುವುದರಿಂದ ಪ್ರಯೋಜನವಿಲ್ಲ. 20 ಲೀಟರ್ ತಂದಿಟ್ಟರೆ ಉಳಿಯುವುದು 40-60 ರೂಪಾಯಿ. ಪ್ಲಾಸ್ಟಿಕ್ ಕ್ಯಾನನ್ನು ಒಲೆಯಿರುವ ಮನೆಯೊಳಗೆ ಇಟ್ಟರೆ ಅಪಾಯ ಮಾತ್ರ ದೊಡ್ಡದು.

ಅದರ ಬದಲು ಅಕ್ಕಪಕ್ಕದ ಹೊಲದ ಆರೇಳು ಜನ ಸೇರಿ ಒಬ್ಬ ಮಾಲೀಕರೊಡನೆ ಬಿತ್ತನೆಗೆ ಹದಿನೈದು ದಿನ ಮೊದಲೇ ಮಾತಾಡುವುದು ಲೇಸು. ಡೀಸೆಲ್ಲನ್ನು ರೈತರೇ ಹಾಕಿಸುವುದು, ಯಂತ್ರ ಮತ್ತು ಚಾಲಕರಿಗೆ ಮಾತ್ರ ಬಾಡಿಗೆ ಕೊಡುವುದು ಎಂಬ ಕರಾರು ಮಾಡಿಕೊಂಡರೆ ದರ ಏರಿದರೂ ಇಳಿದರೂ ಜಗಳವಿಲ್ಲ. ಒಂದೇ ಕಡೆ ಮೂವತ್ತು ಎಕರೆ ಕೆಲಸ ಸಿಕ್ಕರೆ ಮಾಲೀಕರಿಗೆ ಊರಿನ ಈ ತುದಿಯಿಂದ ಆ ತುದಿಗೆ ಓಡುವ ಡೀಸೆಲ್ ಉಳಿಯುತ್ತದೆ, ತಾಸುಗಳು ಹೆಚ್ಚುತ್ತವೆ. ದರ ಇಳಿಸಲು ಅವರಿಗೂ ಕಾರಣ ಸಿಗುತ್ತದೆ. ಹೋಬಳಿ ಮಟ್ಟದ ಕೃಷಿ ಯಂತ್ರಧಾರೆ ಕೇಂದ್ರದ ದರಪಟ್ಟಿಯನ್ನು ಮೊದಲು ವಿಚಾರಿಸಿಕೊಂಡರೆ ಮಾತಿಗೆ ಒಂದು ಆಧಾರ ಇರುತ್ತದೆ. 2022-23ರಲ್ಲಿ ರೈತ ಶಕ್ತಿ ಯೋಜನೆಯಡಿ ಡೀಸೆಲ್ಲಿಗೆಂದು ಎಕರೆಗೆ 250 ರೂಪಾಯಿಯಂತೆ ಐದು ಎಕರೆವರೆಗೆ ಸಹಾಯಧನ ಕೊಡಲಾಗಿತ್ತು. 91 ರೂಪಾಯಿಯ ದರದಲ್ಲಿ ಅದು ಮೂರು ಲೀಟರಿಗೂ ಕಡಿಮೆ, ಒಂದು ಸಲದ ಕಲ್ಟಿವೇಟರಿಗೂ ಸಾಲದು. ಕೂಡಿ ಕೆಲಸ ಮಾಡುವುದು ಈ ಸೀಮೆಗೆ ಹೊಸದಲ್ಲ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದ ಕಣಗಿನಹಾಳ ಗದಗ ತಾಲ್ಲೂಕಿನ ಊರೇ.

ಸ್ವಂತ ಟ್ರ್ಯಾಕ್ಟರ್ ಇದ್ದವರಿಗೆ ಒಂದೆರಡು ಮಾತು. ಸೆಕೆಂಡಿಗೆ ಒಂದು ಹನಿಯಂತೆ ಸೋರಿದರೆ ದಿನಕ್ಕೆ ನಾಲ್ಕು ಲೀಟರಿಗೂ ಹೆಚ್ಚು ಡೀಸೆಲ್ ನೆಲಕ್ಕೆ ಹೋಗುತ್ತದೆ. ಹೊಗೆ ಕಪ್ಪಗಿದ್ದರೆ ಗಾಳಿ ಸೋಸುವ ಫಿಲ್ಟರ್ ಕಟ್ಟಿದೆಯೇ, ಎಂಜಿನ್ನಿಗೆ ಭಾರ ಹೆಚ್ಚಾಗಿದೆಯೇ ನೋಡಬೇಕು. ಇಳಿಜಾರಿಗೆ ಅಡ್ಡಲಾಗಿ, ಆದಷ್ಟು ಉದ್ದ ಸಾಲಿನಲ್ಲಿ ಹೊಡೆದರೆ ತಿರುವುಗಳು ಕಡಿಮೆಯಾಗುತ್ತವೆ, ಮಣ್ಣೂ ಕೊಚ್ಚಿ ಹೋಗುವುದಿಲ್ಲ.

ಎತ್ತು ಉಳಿಸಿಕೊಳ್ಳುವ ಬಗೆ

ಒಂದು ಜೋಡೆತ್ತಿಗೆ ದಿನಕ್ಕೆ ಸುಮಾರು 12 ಕಿಲೋದಂತೆ ವರ್ಷಕ್ಕೆ ನಾಲ್ಕೂವರೆ ಟನ್ನಿನಷ್ಟು ಒಣಮೇವು ಬೇಕು. ಒಣಬೇಸಾಯದ ಬಿಳಿಜೋಳದಲ್ಲಿ ಎಕರೆಗೆ ಒಂದರಿಂದ ಒಂದೂವರೆ ಟನ್ ಕಣಿಕೆ ಬಂದರೆ ಮೂರು-ನಾಲ್ಕು ಎಕರೆಯ ಬೆಳೆ ಎತ್ತಿಗೇ ಬೇಕಾಯಿತು. ಚಿಕ್ಕ ಹಿಡುವಳಿಯವರಿಗೆ ಇದು ಆಗದ ಮಾತು. ಎರಡು ಮನೆಯವರು ಒಂದೊಂದು ಎತ್ತು ಸಾಕಿ ಜೋಡಿ ಮಾಡಿಕೊಳ್ಳುವ ಹಳೆಯ ರೂಢಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹಿಂಗಾರಿ ಹೊಲವನ್ನೆಲ್ಲ ಕಡಲೆಗೆ ಕೊಡದೆ ಎತ್ತಿನ ಪಾಲಿಗೆಂದು ಒಂದೆರಡು ಎಕರೆ ಎಂ. 35-1 ಜೋಳ ಇಟ್ಟುಕೊಳ್ಳಬೇಕು. ಕಣಿಕೆಯನ್ನು ಇಡಿಯಾಗಿ ಹಾಕಿದರೆ ಕಾಲು ಪಾಲಿಗೂ ಹೆಚ್ಚು ತುಳಿತಕ್ಕೆ ಹೋಗುತ್ತದೆ. ಕತ್ತರಿಸಿ ಗೋದಲೆಯಲ್ಲಿ ಹಾಕಬೇಕು. ಕಡಲೆ, ಹೆಸರು, ಶೇಂಗಾದ ಹೊಟ್ಟನ್ನು ಹೊಲದಲ್ಲಿ ಸುಡದೆ ಮಳೆ ತಾಗದಂತೆ ಕೂಡಿಡಬೇಕು. ಬಣವೆಯನ್ನು ಎತ್ತರದ ಜಾಗದಲ್ಲಿ, ಕೆಳಗೆ ಕಲ್ಲು ಹಾಸಿ ಒಟ್ಟಿ, ಮಳೆಗಾಲ ಬರುವ ಮುನ್ನ ಮೇಲ್ಭಾಗವನ್ನು ಹೊದಿಸತಕ್ಕದ್ದು. ಮಳೆ ಚೆನ್ನಾಗಿ ಆದ ವರ್ಷ ಮಿಕ್ಕ ಬಣವೆಯನ್ನು ಮಾರಲು ಅವಸರ ಮಾಡಬೇಡಿ. ಮರುವರ್ಷದ ಜೋಳ ತೆನೆ ಕಟ್ಟುವವರೆಗಾದರೂ ಹಿತ್ತಲಿನಲ್ಲಿ ಇರಲಿ.