ಹಳೆಯ ಗಣಕಯಂತ್ರದ ಕೀಲಿಮಣೆ: ದೋಷಪತ್ತೆಯ ಕ್ರಮ

ದಾನವಾಗಿ ಬಂದ ಹಳೆಯ ಗಣಕಯಂತ್ರಗಳು ಅನೇಕ ಶಾಲೆಗಳ ಮೂಲೆಗಳಲ್ಲಿ ಧೂಳು ಹಿಡಿದು ಕುಳಿತಿರುವುದುಂಟು. ಅವುಗಳಲ್ಲಿ ಕೆಲವು ಕೇವಲ ಕೀಲಿಮಣೆಯ ಅಲ್ಪದೋಷದಿಂದ ಮೂಲೆ ಸೇರಿದಂಥವು. ಆ ದೋಷವನ್ನು ಗುರುತಿಸುವ ಕ್ರಮವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಿದೆ.

ಯಂತ್ರವು ದೋಷವನ್ನು ಅರಿಯುವ ಬಗೆಯನ್ನು ಮೊದಲು ತಿಳಿಯಬೇಕು. ಕೀಲಿಮಣೆಯೊಳಗೂ ಒಂದು ಪುಟ್ಟ ನಿಯಂತ್ರಕವಿದೆ. ವಿದ್ಯುತ್ತು ದೊರೆತೊಡನೆ ಅದು ತನ್ನನ್ನು ತಾನೇ ಪರೀಕ್ಷಿಸಿಕೊಂಡು, ಎಲ್ಲವೂ ಸರಿಯಿದ್ದರೆ 'ಎಎ' ಎಂಬ ಸಂಕೇತವನ್ನು ಯಂತ್ರಕ್ಕೆ ಕಳುಹಿಸುತ್ತದೆ. ಸಂಕೇತ ಬಾರದಿದ್ದರೆ, ಅಥವಾ ಯಾವುದಾದರೂ ಕೀಲಿ ಒತ್ತಿಕೊಂಡೇ ಇದ್ದರೆ, ಪರದೆಯ ಮೇಲೆ ದೋಷಸೂಚನೆ ಮೂಡುತ್ತದೆ. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಈ ಸೂಚನೆಯೇ 301. ಅದರ ಹಿಂದೆ '1ಇ' ಎಂದಿದ್ದರೆ 'ಎ' ಕೀಲಿಯೂ, '39' ಎಂದಿದ್ದರೆ ತೆರಪಿನ ಪಟ್ಟಿಯೂ ಅಂಟಿಕೊಂಡಿವೆ ಎಂದರ್ಥ. 1984ರ ಪಿಸಿ ಎಟಿ ಯಂತ್ರದಲ್ಲಿ 302 ಬಂದರೆ ಪೆಟ್ಟಿಗೆಯ ಮುಂದಿನ ಬೀಗ ಹಾಕಿದೆಯೇ ಎಂದು ನೋಡಬೇಕು. ಮುಂದಿನ ಕೆಲವು ಯಂತ್ರಗಳಂತೂ ಕೀಲಿಮಣೆ ಇಲ್ಲವೆಂದು ತಿಳಿಸಿ, ಮುಂದುವರಿಯಲು ಎಫ್1 ಕೀಲಿಯನ್ನು ಒತ್ತಿರೆಂದು ಅಪ್ಪಣೆ ಕೊಡುತ್ತವೆ!

ಪರೀಕ್ಷೆಯ ಕ್ರಮವಿದು. ಮೊದಲು ಯಂತ್ರವನ್ನು ಪೂರ್ಣವಾಗಿ ಆರಿಸಬೇಕು. ಈ ಹಳೆಯ ದುಂಡು ಪ್ಲಗ್ಗುಗಳನ್ನು ಯಂತ್ರ ನಡೆಯುತ್ತಿರುವಾಗ ಕೀಳಬಾರದು, ಚುಚ್ಚಬಾರದು. ಮದರ್‌ಬೋರ್ಡಿನ ಫ್ಯೂಸು ಸುಟ್ಟುಹೋಗುವ ಸಂಭವವುಂಟು. ಅನಂತರ ಪ್ಲಗ್ಗಿನ ಸೂಜಿಗಳು ಬಾಗಿವೆಯೇ ಎಂದು ನೋಡಬೇಕು. ಮೌಸಿನ ಕಿಂಡಿಗೂ ಕೀಲಿಮಣೆಯ ಕಿಂಡಿಗೂ ಆಕಾರ ಒಂದೇ ಆಗಿರುವಲ್ಲಿ ನೇರಳೆ ಬಣ್ಣದ್ದು ಕೀಲಿಮಣೆಗೆ, ಹಸಿರು ಮೌಸಿಗೆ. ಕೆಲವು ಹಳೆಯ ಕೀಲಿಮಣೆಗಳ ಅಡಿಯಲ್ಲಿ ಎಕ್ಸ್‌ಟಿ, ಎಟಿ ಎಂಬ ಸಣ್ಣ ಸ್ವಿಚ್ಚಿದೆ. ಅದು ಯಂತ್ರಕ್ಕೆ ತಕ್ಕಂತಿರಬೇಕು. ಯಂತ್ರ ಹಚ್ಚಿದಾಗ ಮೂರು ದೀಪಗಳು ಒಮ್ಮೆ ಮಿನುಗಿದರೆ ವಿದ್ಯುತ್ತು ತಲುಪಿದೆಯೆಂದು ತಿಳಿಯಬಹುದು. ಮಿನುಗದಿದ್ದರೆ ತಂತಿ ತುಂಡಾಗಿರಬಹುದು, ಇಲ್ಲವೆ 5 ವೋಲ್ಟಿನ ಫ್ಯೂಸು ಹೋಗಿರಬಹುದು. ಕೊನೆಗೆ, ಸುಸ್ಥಿತಿಯಲ್ಲಿರುವ ಇನ್ನೊಂದು ಕೀಲಿಮಣೆಯನ್ನು ಜೋಡಿಸಿ ನೋಡಬೇಕು. ಅದು ನಡೆದರೆ ದೋಷ ಹಳೆಯ ಕೀಲಿಮಣೆಯದು. ನಡೆಯದಿದ್ದರೆ ಕಿಂಡಿ, ಫ್ಯೂಸು ಅಥವಾ ಮದರ್‌ಬೋರ್ಡಿನ ನಿಯಂತ್ರಕದ್ದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡುವುದು ಈ ವಿದ್ಯೆಯ ಮೊದಲ ನಿಯಮ.

ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಮಂಗಳೂರಿನಲ್ಲಿ ಉಪ್ಪುಗಾಳಿಯೂ ತೇವವೂ ಲೋಹದ ಸಂಪರ್ಕಗಳಿಗೆ ಕಿಲುಬು ಹಿಡಿಸುತ್ತವೆ. ಮಳೆಗಾಲದ ರಜೆಯ ಬಳಿಕ ಕಾಣಿಸಿಕೊಳ್ಳುವ ದೋಷಗಳಿಗೆ ಇದೇ ಕಾರಣವಾಗಿರಬಹುದು. ಕೀಲಿಗಳ ಟೋಪಿಗಳನ್ನು ಮೃದುವಾಗಿ ತೆಗೆದು, ಕುಂಚದಿಂದ ಧೂಳನ್ನೂ ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ಸಂಪರ್ಕಗಳನ್ನೂ ಒರೆಸಿ, ಪೂರ್ತಿ ಒಣಗಿಸಿ, ಅನಂತರವೇ ಜೋಡಿಸಬೇಕು.

ಕನ್ನಡದ ಬರಹಕ್ಕೆ ಒಂದೊಂದು ಕೀಲಿಯೂ ಅಮೂಲ್ಯ. ಈ ಜಿಲ್ಲೆಯವರೇ ಆದ ಕಿನ್ನಿಕಂಬಳ ಪದ್ಮನಾಭ ರಾಯರು ರೂಪಿಸಿದ, ಮುಂದೆ ಕರ್ನಾಟಕ ಸರ್ಕಾರವು ಮಾನ್ಯಮಾಡಿದ ಕೀಲಿಮಣೆ ವಿನ್ಯಾಸದಲ್ಲಿ 'ಎಫ್' ಕೀಲಿಯೇ ಒತ್ತಕ್ಷರಗಳ ಕೊಂಡಿ. 'ಕೆ', 'ಎಫ್', 'ಕೆ' ಒತ್ತಿದರೆ 'ಕ್ಕ' ಮೂಡುತ್ತದೆ. ಆ ಒಂದು ಕೀಲಿ ಕೆಟ್ಟರೆ 'ಅಕ್ಕ' ಎಂದು ಬರೆಯಹೊರಟ ಮಗುವಿಗೆ 'ಅಕಕ' ಎಂದೇ ದೊರೆಯುವುದು. ದುರಸ್ತಿಯ ಬಳಿಕ ಒತ್ತಕ್ಷರವುಳ್ಳ ನಾಲ್ಕಾರು ಶಬ್ದಗಳನ್ನು ಬರೆದು ನೋಡುವುದು ಒಳ್ಳೆಯ ಪರೀಕ್ಷೆ.

ಅಧ್ಯಾಪಕರು ಈ ಪರೀಕ್ಷೆಯನ್ನು ಮೇಲ್ತರಗತಿಯ ಮಕ್ಕಳ ಕೈಯಿಂದಲೇ ಮಾಡಿಸಬಹುದು. ಕಾರ್ಯಕಾರಣ ಸಂಬಂಧವನ್ನು ಇಷ್ಟು ಸುಲಭವಾಗಿ, ಇಷ್ಟು ಕಡಿಮೆ ಖರ್ಚಿನಲ್ಲಿ ತೋರಿಸುವ ಪಾಠಗಳು ವಿರಳ. ದಾನಿಗಳೂ ಹಳೆ ವಿದ್ಯಾರ್ಥಿಗಳೂ ಹೊಸ ಯಂತ್ರದ ಜೊತೆಗೆ ಒಂದು ಮಲ್ಟಿಮೀಟರನ್ನೂ ಸುಸ್ಥಿತಿಯ ಒಂದು ಹೆಚ್ಚುವರಿ ಕೀಲಿಮಣೆಯನ್ನೂ ಒದಗಿಸಿದರೆ, ಮೂಲೆ ಸೇರಿದ ಎಷ್ಟೋ ಯಂತ್ರಗಳು ಮತ್ತೆ ಮಕ್ಕಳ ಕೈಗೆ ಬರುವುವು.