ಲಸಿಕೆ ಹಾಕಿದ ಕೋಳಿ ಯಾಕೆ ಸತ್ತಿತು?

ರಾಯದುರ್ಗ, ಮಡಕಶಿರಾ ಕಡೆಯ ನಿಮಗೆ ಕೊಕ್ಕರೆ ರೋಗದ ಹೆಸರು ಹೊಸದಲ್ಲ. ಪಕ್ಕದ ಮನೆಯ ತೆಲುಗಿನವರೂ ಅದನ್ನು ‘ಕೊಕ್ಕೆರ ತೆಗುಲು’ ಅಂತಲೇ ಕರೆಯುತ್ತಾರೆ. ಪುಸ್ತಕದಲ್ಲಿ ಇದು ರಾಣಿಖೇತ್ ರೋಗ. 1927ರಲ್ಲಿ ಕುಮಾವೂನ್ ಬೆಟ್ಟದ ರಾಣಿಖೇತ್‌ನಲ್ಲಿ ಕಂಡದ್ದರಿಂದ ಆ ಹೆಸರು. ಹಸಿರು ಭೇದಿ, ಏದುಸಿರು, ತಿರುಚಿದ ಕತ್ತು ಇದರ ಲಕ್ಷಣಗಳು. ಒಳ್ಳೆಯ ಲಸಿಕೆ ಇದೆ. ಆದರೂ ಕೆಲವು ಫಾರಂಗಳಲ್ಲಿ “ಲಸಿಕೆ ಹಾಕ್ಸಿದ್ರೂ ಸತ್ತೋದ್ವು” ಅನ್ನುವ ಮಾತು ಕೇಳುತ್ತೇವೆ. ಲಸಿಕೆ ಬಿಸಿಲಿಗೆ ಕೆಟ್ಟಿರಬಹುದು, ಅದೊಂದು ಕಾರಣ. ಇನ್ನೊಂದು ಕಾರಣ ಕೋಳಿಯ ಒಳಗೇ ಇದೆ.

ಆ ಎರಡನೇ ಕಾರಣದ ಹೆಸರು ಗುಂಬೋರೊ. ಇದೂ ವೈರಸ್ ರೋಗವೇ. ಅಮೆರಿಕದ ಡೆಲವೇರ್ ರಾಜ್ಯದ ಗುಂಬೋರೊ ಎಂಬ ಊರಿನ ಸುತ್ತ ಕಂಡದ್ದನ್ನು 1962ರಲ್ಲಿ ಕಾಸ್‌ಗ್ರೋವ್ ಎಂಬವರು ವರದಿ ಮಾಡಿದರು. ನಮ್ಮ ದೇಶದಲ್ಲಿ 1990ರ ದಶಕದಲ್ಲಿ ಇದರ ಉಗ್ರ ತಳಿ ಬಂದು ಸಾವಿರಾರು ಫಾರಂ ಮರಿಗಳನ್ನು ಕೊಂದಿತು. ಮನುಷ್ಯರಿಗೆ ಇದು ಹರಡುವುದಿಲ್ಲ.

ಮರಿಯ ಗುದದ್ವಾರದ ಮೇಲ್ಭಾಗದಲ್ಲಿ, ಒಳಗಡೆ, ಒಂದು ಪುಟ್ಟ ಚೀಲ ಇದೆ. ಅದಕ್ಕೆ ಬರ್ಸಾ ಅನ್ನುತ್ತಾರೆ. ಇಟಲಿಯ ಫ್ಯಾಬ್ರಿಷಿಯಸ್ ಇದನ್ನು ವರ್ಣಿಸಿದ ಪುಸ್ತಕ 1621ರಲ್ಲಿ ಅಚ್ಚಾಯಿತು. ಈ ಚೀಲದ ಕೆಲಸ ಏನು? ಮುನ್ನೂರು ವರ್ಷ ಕಳೆದರೂ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾದದ್ದು ಒಂದು ತರಗತಿಯಿಂದ. ಅಮೆರಿಕದ ಒಹಾಯೊದಲ್ಲಿ ಚಾಂಗ್ ಎಂಬ ವಿದ್ಯಾರ್ಥಿ, ಕೋಳಿ ರಕ್ತದಲ್ಲಿ ಪ್ರತಿಕಾಯ ಹುಟ್ಟುವುದನ್ನು ತೋರಿಸಬೇಕಿತ್ತು. ಗೆಳೆಯ ಗ್ಲಿಕ್ ಬಳಿ ಉಳಿದಿದ್ದ ಕೋಳಿಗಳನ್ನು ತಂದ. ರೋಗಾಣು ಚುಚ್ಚಿದಾಗ ಕೆಲವು ಸತ್ತವು, ಕೆಲವು ಬದುಕಿದರೂ ಪ್ರತಿಕಾಯ ಹುಟ್ಟಲೇ ಇಲ್ಲ! ನೋಡಿದರೆ ಅವು ಮರಿಯಾಗಿದ್ದಾಗಲೇ ಗ್ಲಿಕ್ ಬರ್ಸಾ ಕತ್ತರಿಸಿ ತೆಗೆದಿದ್ದ ಕೋಳಿಗಳು. 1956ರಲ್ಲಿ ಇದು ಒಂದು ಕೋಳಿ ಸಾಕಣೆ ಪತ್ರಿಕೆಯಲ್ಲಿ ಪ್ರಕಟವಾಯಿತು. ನಿಮ್ಮ ಪಾಠದಲ್ಲಿ ಬರುವ ‘ಬಿ’ ಕೋಶದ ‘ಬಿ’ ಅಕ್ಷರ ಈ ಬರ್ಸಾದಿಂದಲೇ ಬಂದದ್ದು. ನಮಗೆ ಬರ್ಸಾ ಇಲ್ಲ, ಆ ಕೆಲಸ ನಮ್ಮ ಮೂಳೆ ಮಜ್ಜೆಯಲ್ಲಿ ನಡೆಯುತ್ತದೆ.

ಗುಂಬೋರೊ ವೈರಸ್ಸು ಈ ಬರ್ಸಾದ ಎಳೆಯ ಬಿ ಕೋಶಗಳನ್ನೇ ಹುಡುಕಿ ಕೊಲ್ಲುತ್ತದೆ. ಮೂರ್ನಾಲ್ಕು ದಿನದಲ್ಲಿ ಬರ್ಸಾ ಊದಿ ಸುಮಾರು ಎರಡರಷ್ಟಾಗುತ್ತದೆ. ಎಂಟನೇ ದಿನದ ಹೊತ್ತಿಗೆ ಸುಕ್ಕಿ ಮೂರರಲ್ಲೊಂದು ಪಾಲಾಗುತ್ತದೆ. ಸತ್ತ ಮರಿಯನ್ನು ಪಶುವೈದ್ಯರು ಕೊಯ್ದಾಗ ತೊಡೆ, ಎದೆಯ ಮಾಂಸದಲ್ಲಿ ರಕ್ತದ ಗೆರೆಗಳು ಕಾಣುತ್ತವೆ. 3ರಿಂದ 6 ವಾರದ ಮರಿಗಳಲ್ಲಿ ಕಾಯಿಲೆ ಜೋರು. ಮೂರು ವಾರಕ್ಕಿಂತ ಚಿಕ್ಕವಕ್ಕೆ ಸೋಂಕು ತಗುಲಿದರೆ ಮೇಲೆ ಏನೂ ಕಾಣಿಸದೇ ಇರಬಹುದು. ನನ್ನ ಪ್ರಕಾರ ಇದೇ ಹೆಚ್ಚು ಅಪಾಯ. ಮರಿ ಗೆಲುವಾಗಿ ಕಾಳು ತಿನ್ನುತ್ತಿರುತ್ತದೆ, ಪ್ರತಿಕಾಯದ ಕಾರ್ಖಾನೆ ಮಾತ್ರ ಪಾಳುಬಿದ್ದಿರುತ್ತದೆ. ಆಮೇಲೆ ರಾಣಿಖೇತ್ ಲಸಿಕೆ ಹಾಕಿದರೆ ಅದಕ್ಕೆ ಉತ್ತರ ಕೊಡುವವರು ಯಾರು?

ಗುಂಬೋರೊಗೂ ಲಸಿಕೆ ಉಂಟು. ಸಾಮಾನ್ಯವಾಗಿ 14ನೇ ದಿನದ ಆಸುಪಾಸು ಕೊಡುತ್ತಾರೆ. ಹುಟ್ಟಿದ ದಿನವೇ ಯಾಕೆ ಬೇಡ? ತಾಯಿ ಕೋಳಿಯಿಂದ ಮೊಟ್ಟೆಯ ಮೂಲಕ ಬಂದ ಪ್ರತಿಕಾಯ ಲಸಿಕೆಯನ್ನೇ ನಿಷ್ಕ್ರಿಯ ಮಾಡಿಬಿಡುತ್ತದೆ. ತೀರಾ ತಡ ಮಾಡಿದರೆ ಆ ಕಾವಲು ಇಳಿದು ಕಾಡುವೈರಸ್ಸು ಮೊದಲು ನುಗ್ಗುತ್ತದೆ. ಜೊತೆಗೆ ಈ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇಲ್ಲ, ಸೋಪಿಗೆ ಸುಲಭಕ್ಕೆ ಸಾಯದು. ಕೋಳಿ ಖಾಲಿಯಾದ ಶೆಡ್ಡಿನಲ್ಲಿ ನಾಲ್ಕು ತಿಂಗಳು ಉಳಿದದ್ದುಂಟು. ಆದ್ದರಿಂದ ಫಾರಂ ನೋಡಿ ಬಂದ ಚಪ್ಪಲಿಯಲ್ಲೇ ಮನೆಯ ಕೋಳಿಗೂಡಿನ ಹತ್ತಿರ ಹೋಗಬೇಡಿ.