ಕೂಲಿಯ ನ್ಯಾಯ

ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರ ಮೊದಲಾದ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಸೂರ್ಯೋದಯಕ್ಕೆ ಮುನ್ನವೇ ಹೋಟೆಲುಗಳ ಒಲೆ ಹೊತ್ತಿಕೊಳ್ಳುತ್ತದೆ. ದೋಸೆಯ ರುಚಿಯನ್ನು ನಾವು ಹೊಗಳುತ್ತೇವೆ. ಹಿಟ್ಟು ರುಬ್ಬಿದವನನ್ನಾಗಲಿ ಲೋಟ ತೊಳೆದವನನ್ನಾಗಲಿ ನೆನೆಯುವುದಿಲ್ಲ. ಬಹುಕಾಲ ಇಂತಹ ಕೆಲಸಗಾರನ ಸಂಬಳವು ಧಣಿಯ ಮರ್ಜಿಯನ್ನು ಅವಲಂಬಿಸಿತ್ತು. ಊಟ ಹಾಕಿ ಮಲಗಲು ಜಾಗ ಕೊಟ್ಟ ಮೇಲೆ ಇನ್ನೇನು ಬೇಕು ಎಂಬ ಮಾತು ಎಷ್ಟೋ ಕಡೆ ಕೇಳಿಬರುತ್ತಿತ್ತು.

ದುಡಿದವನಿಗೆ ನ್ಯಾಯವಾಗಿ ಸಲ್ಲಬೇಕಾದುದೆಷ್ಟು? ಈ ಪ್ರಶ್ನೆಯನ್ನು ಧರ್ಮಗಳು ಕಾನೂನಿಗಿಂತ ಬಹಳ ಹಿಂದೆಯೇ ಕೇಳಿದ್ದವು. ಕೂಲಿಯವನ ಬೆವರು ಆರುವ ಮುನ್ನವೇ ಕೂಲಿ ಕೊಡಬೇಕೆಂದು ಪ್ರವಾದಿ ಮುಹಮ್ಮದರು ಹೇಳಿದುದಾಗಿ ಹದೀಸ್ ಸಂಗ್ರಹಗಳಲ್ಲಿ ಉಲ್ಲೇಖವಿದೆ. ಪೂರ್ತಿ ದುಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ದೇವರೇ ವಾದಿಯಾಗಿ ನಿಲ್ಲುವನೆಂದೂ ಅಲ್ಲಿ ಎಚ್ಚರಿಸಲಾಗಿದೆ.

ಬುಖಾರಿಯವರ ಸಂಗ್ರಹದಲ್ಲಿ ಒಂದು ಸೊಗಸಾದ ಕಥೆಯಿದೆ. ಮೂವರು ಪಯಣಿಗರು ಗುಹೆಯೊಂದರಲ್ಲಿ ಆಶ್ರಯ ಪಡೆದಾಗ ಬಂಡೆಯುರುಳಿ ದ್ವಾರ ಮುಚ್ಚಿಹೋಯಿತು. ಒಬ್ಬೊಬ್ಬನೂ ತನ್ನ ಒಂದು ಸತ್ಕಾರ್ಯವನ್ನು ನೆನೆದು ಪ್ರಾರ್ಥಿಸಿದನು. ಅವರಲ್ಲೊಬ್ಬನ ಬಳಿ ಹಿಂದೆ ಒಬ್ಬ ಆಳು ಕೂಲಿ ಪಡೆಯದೆಯೇ ಹೊರಟುಹೋಗಿದ್ದನು. ಕೂಲಿಯೆಂದರೆ ಒಂದಿಷ್ಟು ಧಾನ್ಯ. ಒಡೆಯನು ಅದನ್ನೇ ಬಿತ್ತಿ ಬೆಳೆದು, ಬಂದುದರಿಂದ ದನಗಳನ್ನು ಕೊಂಡನು. ಕಾಲಾನಂತರ ಆಳು ಬಂದು ಕೂಲಿ ಕೇಳಿದಾಗ, “ಅಗೋ, ಆ ದನಗಳೆಲ್ಲ ನಿನ್ನವೇ” ಎಂದನು. ತನ್ನನ್ನು ಹಾಸ್ಯ ಮಾಡುತ್ತಿರುವನೆಂದೇ ಆಳು ಮೊದಲು ಭಾವಿಸಿದನು. ಬಳಿಕ ಎಲ್ಲವನ್ನೂ ಹೊಡೆದುಕೊಂಡು ಹೋದನು. ಮೂವರ ಪ್ರಾರ್ಥನೆಯೂ ಮುಗಿದಾಗ ಬಂಡೆ ಸರಿಯಿತು. ಇಷ್ಟೊಂದು ಔದಾರ್ಯವನ್ನು ಯಾವ ಕಾನೂನೂ ವಿಧಿಸಲಾರದು, ನಿಜ. ಆದರೆ ಕೊಡದೆ ಉಳಿದ ಕೂಲಿ ಒಡೆಯನ ಸ್ವತ್ತಲ್ಲ ಎಂಬ ಭಾವನೆ ಇಲ್ಲಿ ಎಷ್ಟು ಸ್ಪಷ್ಟವಾಗಿದೆ!

ಧರ್ಮಶಾಸ್ತ್ರಜ್ಞರು ಇದನ್ನೇ ನಿಯಮವಾಗಿ ವಿಸ್ತರಿಸಿದರು. ಕೂಲಿ ಎಷ್ಟೆಂಬುದು ಮೊದಲೇ ತಿಳಿದಿರಬೇಕು. ಗೊತ್ತುಪಡಿಸದಿದ್ದಲ್ಲಿ ಅಂತಹುದೇ ಕೆಲಸಕ್ಕೆ ಊರಿನಲ್ಲಿ ಸಲ್ಲುವ ಕೂಲಿಯನ್ನು ಕೊಡಬೇಕು. ಬರಿಯ ಊಟಬಟ್ಟೆಗೆ ಆಳನ್ನಿಟ್ಟುಕೊಳ್ಳಬಹುದೆ? ಈ ವಿಷಯದಲ್ಲಿ ಅವರಿಗೆ ಒಮ್ಮತವಿರಲಿಲ್ಲ. ಊಟದ ಪ್ರಮಾಣ ಅನಿಶ್ಚಿತವೆಂಬುದೇ ಒಪ್ಪದವರ ಆಕ್ಷೇಪ. ನಮ್ಮ ಹೋಟೆಲಿನ ಹುಡುಗನಿಗೆ ಈ ಚರ್ಚೆ ಚೆನ್ನಾಗಿ ಅರ್ಥವಾಗುತ್ತಿತ್ತು!

ಸ್ವತಂತ್ರ ಭಾರತದಲ್ಲಿ 1948ರ ಕನಿಷ್ಠ ವೇತನ ಕಾಯಿದೆ ಬಂದಿತು. ಅದರಂತೆ ಅಂದಿನ ಮೈಸೂರು ಸರ್ಕಾರವು 1967ರಲ್ಲಿ ಹೋಟೆಲು ಕೆಲಸಗಾರರಿಗೆ ಕನಿಷ್ಠ ವೇತನವನ್ನು ಗೊತ್ತುಪಡಿಸಿತು. ಇದು ತಮ್ಮ ವ್ಯಾಪಾರದ ಹಕ್ಕಿಗೆ ಭಂಗವೆಂದು ಮಾಲೀಕರು ವಾದಿಸಿದರು. ಬೆಂಗಳೂರಿನ ಚಂದ್ರಭವನ ಬೋರ್ಡಿಂಗ್ ಅಂಡ್ ಲಾಡ್ಜಿಂಗ್ ಹೆಸರಿನ ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. 1969ರ ತೀರ್ಪಿನಲ್ಲಿ ನ್ಯಾಯಾಲಯವು ಕನಿಷ್ಠ ವೇತನ ಗೊತ್ತುಪಡಿಸುವ ಸರ್ಕಾರದ ಅಧಿಕಾರವನ್ನು ಎತ್ತಿಹಿಡಿಯಿತು. ವ್ಯಾಪಾರದ ಸ್ವಾತಂತ್ರ್ಯದಲ್ಲಿ ಶೋಷಣೆಯ ಸ್ವಾತಂತ್ರ್ಯ ಸೇರಿಲ್ಲವೆಂದು ಸಾರಿತು. ಆ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆಯವರು. ಈ ಹೋಟೆಲುಗಳಿಗೆ ಅಡುಗೆಯವರನ್ನೂ ಮಾಣಿಗಳನ್ನೂ ಕಳುಹಿಸಿಕೊಟ್ಟ ಕರಾವಳಿಯೇ ಅವರ ಹುಟ್ಟೂರಿನ ಸೀಮೆ. 1977ರಲ್ಲಿ ಅವರು ಬೆಂಗಳೂರು ದಕ್ಷಿಣ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾಗಿ, ಅದೇ ವರ್ಷ ಅದರ ಸಭಾಧ್ಯಕ್ಷರಾದರು.